ಎಂಜಿಬಿ ರೋಡ್‌ಸ್ಟರ್‌ನ ಒಳಾಂಗಣ ಕಿಟ್: ಎಲ್ಲಿ ಹಣ ಹಾಕಬೇಕು, ಎಲ್ಲಿ ಉಳಿಸಬಹುದು

ಎಂಜಿಬಿ ಕಾರಿನ ತಯಾರಿಕೆ ನಿಂತು ನಾಲ್ಕು ದಶಕ ದಾಟಿದೆ. ಆದರೂ ಅದರ ಒಳಗಿನ ಸಾಮಾನು ಬಹುತೇಕ ಎಲ್ಲವೂ ಇವತ್ತಿಗೂ ಹೊಸದಾಗಿ ಸಿಗುತ್ತದೆ. ಹಳೆಯ ಸ್ಪೋರ್ಟ್ಸ್ ಕಾರುಗಳ ಲೋಕದಲ್ಲಿ ಇದು ಸಣ್ಣ ಭಾಗ್ಯವಲ್ಲ. 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಿಂದ ತೆರೆದ ಮೈಯ ರೋಡ್‌ಸ್ಟರ್, ಗಟ್ಟಿ ಛಾವಣಿಯ ಜಿಟಿ ಎರಡೂ ಸೇರಿ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ಹೊರಬಂದವು. ಅದರಲ್ಲಿ ದೊಡ್ಡ ಪಾಲು ಅಮೆರಿಕಕ್ಕೆ ಹೋಯಿತು. ಅಷ್ಟು ಕಾರುಗಳಿದ್ದುದರಿಂದಲೇ 1948ರಿಂದ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳ ವ್ಯವಹಾರದಲ್ಲಿರುವ ಕ್ಯಾಲಿಫೋರ್ನಿಯಾದ ಮಾಸ್ ಮೋಟಾರ್ಸ್, ಸಫೋಕ್‌ನ ಲೈಸ್ಟನ್ ಊರಿನ ನ್ಯೂಟನ್ ಕಮರ್ಷಿಯಲ್ ಮುಂತಾದ ಕಂಪನಿಗಳು ಇನ್ನೂ ಸೀಟ್ ಕವರ್, ಕಾರ್ಪೆಟ್, ಡೋರ್ ಪ್ಯಾಡ್‌ಗಳನ್ನು ಮಾರುತ್ತಿವೆ.

ಈ ವಿಮರ್ಶೆ ಒಂದು ಅಂಗಡಿಯದ್ದಲ್ಲ. ಮನೆಯ ಗ್ಯಾರೇಜಿನಲ್ಲಿ ಕೂತು ಒಳಾಂಗಣವನ್ನು ತಾನೇ ಮಾಡಿಕೊಳ್ಳಬೇಕೆನ್ನುವವರಿಗೆ ಮಾರುವ ಕಿಟ್ ಎಂಬ ಸರಕಿನದ್ದು: ಅದರಲ್ಲಿ ಏನು ಬರುತ್ತದೆ, ಏನು ಬರುವುದಿಲ್ಲ, ಯಾವುದಕ್ಕೆ ಹೆಚ್ಚು ದುಡ್ಡು ಕೊಟ್ಟರೂ ನಷ್ಟವಿಲ್ಲ, ಯಾವುದಕ್ಕೆ ಕೊಟ್ಟರೆ ದಂಡ. ತೀರ್ಪನ್ನು ಮೊದಲೇ ಹೇಳಿಬಿಡಬಹುದು. ಕಣ್ಣಿಗೆ ಕಾಣುವ ಭಾಗಗಳು, ಅಂದರೆ ಸೀಟಿನ ಕವರು, ಪೈಪಿಂಗು (ಹೊಲಿಗೆಯ ಅಂಚಿನ ಉಬ್ಬುಪಟ್ಟಿ), ಕಾರ್ಪೆಟ್ಟಿನ ಬಣ್ಣ, ಇವು ಸಾಧಾರಣ ಕಿಟ್‌ಗಳಲ್ಲೂ ಸಾಕಷ್ಟು ಚೆನ್ನಾಗಿರುತ್ತವೆ. ಕೆಲಸ ಹತ್ತು ವರ್ಷ ಬಾಳುತ್ತದೋ ಎರಡೇ ಮಳೆಗಾಲಕ್ಕೆ ಹಾಳಾಗುತ್ತದೋ ಎನ್ನುವುದು ಕಾಣದ ಭಾಗಗಳ ಮೇಲೆ ನಿಂತಿದೆ: ಸ್ಪಂಜು, ಅದರ ಕೆಳಗಿನ ರಬ್ಬರು, ಅಂಟು, ಕಾರ್ಪೆಟ್ಟಿನಡಿಯ ಹಾಸು, ಬಾಗಿಲೊಳಗಿನ ಪ್ಲಾಸ್ಟಿಕ್ ಹಾಳೆ. ಹೆಚ್ಚಿನವರು ಚರ್ಮದ ಕವರಿಗೆ ದುಡ್ಡು ಸುರಿದು ಇವುಗಳಲ್ಲಿ ಉಳಿಸಲು ನೋಡುತ್ತಾರೆ. ಲೆಕ್ಕ ತಿರುಗಾಮುರುಗ ಆಗುವುದು ಅಲ್ಲೇ.

ಆರ್ಡರ್ ಮಾಡುವ ಮೊದಲು ಕಾರಿನ ವರ್ಷವನ್ನಲ್ಲ, ಚಾಸಿ ನಂಬರನ್ನೂ ಸೀಟನ್ನೂ ನೋಡಿ. ಮೊದಲ ವರ್ಷಗಳ ಸೀಟುಗಳಲ್ಲಿ ಕೂರುವ, ಒರಗುವ ಭಾಗಕ್ಕೆ ಚರ್ಮ, ಪಕ್ಕಗಳಿಗೆ ರೆಕ್ಸಿನ್, ಅಂಚಿಗೆ ಬೇರೆ ಬಣ್ಣದ ಪೈಪಿಂಗ್. ಅರವತ್ತರ ದಶಕದ ಕೊನೆಗೆ ಹಿಂದಕ್ಕೆ ವಾಲುವ ಸೀಟುಗಳು ಬಂದವು, ಅಮೆರಿಕಕ್ಕೆ ಹೋದ ಕಾರುಗಳಿಗೆ ತಲೆಯಾಸರೆ ಬಂತು, 1970ರ ಹೊತ್ತಿಗೆ ಚರ್ಮ ಹೋಗಿ ಪೂರ್ತಿ ರೆಕ್ಸಿನ್ ಆಯಿತು. ಬ್ರಿಟನ್ನಿನ ಕಡೆಯ ವರ್ಷಗಳ ಕಾರುಗಳಲ್ಲಿ ಪಟ್ಟೆಪಟ್ಟೆಯ ಬಟ್ಟೆ ಸೀಟುಗಳೂ ಇದ್ದವು. ಐವತ್ತು ವರ್ಷಗಳಲ್ಲಿ ಎಷ್ಟೋ ಕಾರುಗಳಿಗೆ ಬೇರೆ ವರ್ಷದ ಸೀಟು ಬಂದು ಕೂತಿರುತ್ತದೆ. ಚಾಸಿ ನಂಬರು ಕೊಟ್ಟು ಕಾರ್ಪೆಟ್ ತರಿಸಿ. ಸೀಟಿನ ಕವರಿಗೆ ಮಾತ್ರ ನಿಮ್ಮ ಸೀಟಿನ ಫೋಟೊ, ತಲೆಯಾಸರೆಯ ತೂತುಗಳು, ವಾಲಿಸುವ ಹಿಡಿಕೆಯ ಜಾಗ, ಪಟ್ಟಿಗಳ ಸಂಖ್ಯೆ ಇಷ್ಟನ್ನೂ ಹೋಲಿಸಿ. ಹೊಲಿದ ಕವರನ್ನು ಒಮ್ಮೆ ಎಳೆದು ಹಾಕಿದ ಮೇಲೆ ಯಾರೂ ವಾಪಸು ತೆಗೆದುಕೊಳ್ಳುವುದಿಲ್ಲ.

ಬಣ್ಣದ ವಿಷಯದಲ್ಲಿ ಒಂದು ಎಚ್ಚರಿಕೆ. ಕಪ್ಪು ಬಿಟ್ಟರೆ ಉಳಿದ ಯಾವ ಬಣ್ಣವನ್ನೂ, ಆಟಮ್ ಲೀಫ್ ಇರಲಿ, ಓಕರ್ ಇರಲಿ, ನೇವಿ ಇರಲಿ, ಎರಡು ಕಡೆಯಿಂದ ತರಿಸಬೇಡಿ. ಒಂದೇ ಹೆಸರಿನ ಕಂದು ರೆಕ್ಸಿನ್ ಎರಡು ಥಾನುಗಳಲ್ಲಿ ಎರಡು ಛಾಯೆಯಲ್ಲಿರುತ್ತದೆ. ಒಳಗಿನ ಬೆಳಕಿನಲ್ಲಿ ಗೊತ್ತಾಗದಿದ್ದದ್ದು ಹುಡ್ (ಮಡಚುವ ಬಟ್ಟೆಯ ಛಾವಣಿ) ತೆಗೆದು ಬಿಸಿಲಿಗೆ ನಿಲ್ಲಿಸಿದ ಕೂಡಲೇ ಕಣ್ಣಿಗೆ ಹೊಡೆಯುತ್ತದೆ. ಸೀಟು, ಡೋರ್ ಪ್ಯಾಡು, ಹಿಂಬದಿಯ ಪಕ್ಕದ ತುಂಡುಗಳು ಒಟ್ಟಿಗೆ ಒಂದೇ ಕಡೆಯಿಂದ ಬರಲಿ. ಇಡೀ ಕಿಟ್ ಒಟ್ಟಿಗೆ ಕೊಳ್ಳುವುದಕ್ಕೆ ಇರುವ ನಿಜವಾದ ಕಾರಣ ಇದೊಂದೇ.

ಪೆಟ್ಟಿಗೆ ಬಂದ ದಿನವೇ ಕೆಲಸ ಶುರು ಮಾಡಬೇಡಿ, ಏಕೆಂದರೆ ಮೊದಲ ಕೆಲಸ ನೀರಿನದು. ಎಂಜಿಬಿಯ ಗಾಳಿಕಿಂಡಿ ಮುಂಭಾಗದ ಗಾಜಿನ ಮುಂದೆ ಜಾಲರಿಯ ರೂಪದಲ್ಲಿದೆ. ಅಲ್ಲಿ ಬಿದ್ದ ಮಳೆನೀರು ಒಂದು ರಬ್ಬರ್ ಕೊಳವೆಯ ಮೂಲಕ ಗೇರ್‌ಬಾಕ್ಸಿನ ಟನಲ್ (ಸೀಟುಗಳ ನಡುವಿನ ಉಬ್ಬು) ಕಡೆಗೆ ಇಳಿದು ನೆಲಕ್ಕೆ ಹೋಗಬೇಕು. ಎಲೆ, ಧೂಳು, ಕೆಸರು ಸೇರಿ ಕೊಳವೆಯ ತುದಿ ಕಟ್ಟಿಕೊಂಡರೆ ನೀರು ಹೀಟರ್ ಪೆಟ್ಟಿಗೆಯಿಂದ ನೇರವಾಗಿ ಕಾಲಿನ ಜಾಗಕ್ಕೆ ಇಳಿಯುತ್ತದೆ. ಕಾರ್ಪೆಟ್ ಕೊಳೆತ ಕಾರುಗಳಲ್ಲಿ ಮೊದಲು ಅನುಮಾನಿಸಬೇಕಾದ್ದು ಇದನ್ನೇ, ಹುಡ್ಡನ್ನಲ್ಲ. ಜಾಲರಿಗೆ ಎರಡು ಲೀಟರು ನೀರು ನಿಧಾನಕ್ಕೆ ಸುರಿಯಿರಿ. ಕಾರಿನ ಕೆಳಗೆ ಅಷ್ಟೂ ನೀರು ಬೀಳಬೇಕು. ಬೀಳದಿದ್ದರೆ ಕೆಳಗಿನಿಂದ ಕೊಳವೆಯ ತುದಿಯನ್ನು ಹಿಸುಕಿ ಬಿಡಿಸಿ.

ಎರಡನೆಯ ಪರೀಕ್ಷೆ ಪೆಡಲ್‌ಗಳದ್ದು. ಬ್ರೇಕ್, ಕ್ಲಚ್ ಮಾಸ್ಟರ್ ಸಿಲಿಂಡರುಗಳ ಸೀಲು ಸವೆದರೆ ದ್ರವ ಪೆಡಲಿನ ಗುಂಟ ಒಳಗೆ ಇಳಿಯುತ್ತದೆ. ಬ್ರೇಕ್ ಎಣ್ಣೆ ಬಣ್ಣವನ್ನು ಕಿತ್ತುಬಿಡುತ್ತದೆ, ಆಮೇಲೆ ತಗಡಿಗೆ ತುಕ್ಕು. ಪೆಡಲಿನ ಮೇಲ್ಭಾಗವನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಜಿಡ್ಡು ಹತ್ತಿದರೆ ಮೊದಲು ಸಿಲಿಂಡರ್, ಆಮೇಲೆ ಕಾರ್ಪೆಟ್.

ಬ್ಯಾಟರಿ ಕಳಚುವುದಕ್ಕೂ ಈ ಕಾರಿನಲ್ಲಿ ಸೀಟಿನ ಹಿಂದಕ್ಕೇ ಹೋಗಬೇಕು. 1974ರ ಸುಮಾರಿನವರೆಗೆ ಆರು ವೋಲ್ಟಿನ ಎರಡು ಬ್ಯಾಟರಿ, ಆಮೇಲೆ ಹನ್ನೆರಡು ವೋಲ್ಟಿನ ಒಂದು, ಎಲ್ಲವೂ ಸೀಟುಗಳ ಹಿಂದಿನ ನೆಲದ ಮುಚ್ಚಳದ ಕೆಳಗೆ. ಈ ಜಾಗದ ಕಾರ್ಪೆಟ್ಟನ್ನು ಎಂದೂ ಅಂಟಿಸಬಾರದು. ಕೆಲವು ಕಿಟ್‌ಗಳಲ್ಲಿ ಇದು ಬೇರೆ ತುಂಡಾಗಿ ಬರುತ್ತದೆ, ಕೆಲವುಗಳಲ್ಲಿ ಹಿಂಬದಿಯ ಇಡೀ ಹಾಸಿನೊಂದಿಗೆ ಸೇರಿಕೊಂಡಿರುತ್ತದೆ. ಸೇರಿಕೊಂಡಿದ್ದರೆ ಅಳತೆ ಮಾಡಿ ಮೂರು ಕಡೆ ಕತ್ತರಿಸಿ, ಅಂಚಿಗೆ ಪಟ್ಟಿ ಹೊಲಿಸಿ, ಮೇಲೆತ್ತುವ ಹಾಗೆ ಮಾಡಿಕೊಳ್ಳಿ. ಆ ಗೂಡು ಆಮ್ಲದ ಹಬೆಗೆ ತುಕ್ಕು ಹಿಡಿಯುವ ಜಾಗ. ತೆರೆದಾಗಲೇ ಉಜ್ಜಿ, ಅಡಿಗೆಸೋಡ ಬೆರೆಸಿದ ನೀರಿನಿಂದ ತೊಳೆದು, ಒಣಗಿಸಿ, ಪ್ರೈಮರ್ ಹಚ್ಚಿ.

ಈಗ ಸೀಟು. ಒಂದೊಂದಕ್ಕೆ ನಾಲ್ಕು ಬೋಲ್ಟ್. ಸೀಟನ್ನು ಪೂರ್ತಿ ಹಿಂದೆ ತಳ್ಳಿ ಮುಂದಿನ ಎರಡು, ಪೂರ್ತಿ ಮುಂದೆ ಎಳೆದು ಹಿಂದಿನ ಎರಡು. ಬೋಲ್ಟಿನ ನಟ್ಟು ನೆಲದ ತಗಡಿಗೇ ಬೆಸೆದಿರುತ್ತದೆ. ತುಕ್ಕು ಹಿಡಿದ ಬೋಲ್ಟನ್ನು ಬಲಪ್ರಯೋಗದಿಂದ ತಿರುಗಿಸಿದರೆ ಬೋಲ್ಟು ತುಂಡಾಗುತ್ತದೆ, ಇಲ್ಲವೇ ಬೆಸುಗೆ ಬಿಟ್ಟು ನಟ್ಟೇ ತಿರುಗತೊಡಗುತ್ತದೆ. ಹಿಂದಿನ ಸಂಜೆ ಕೆಳಗಿನಿಂದ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಬೆಳಿಗ್ಗೆ ಮತ್ತೊಮ್ಮೆ ಹಾಕಿ, ಕಾಲು ಸುತ್ತು ಬಿಚ್ಚಿ ಕಾಲು ಸುತ್ತು ಬಿಗಿದು, ಹಾಗೆ ಹಿಂದೆ ಮುಂದೆ ಆಡಿಸುತ್ತ ತೆಗೆಯಿರಿ. ಹೊಸ ಬೋಲ್ಟು ತರುವಾಗ ಯುಎನ್ಎಫ್, ಅಂದರೆ ಇಂಚಿನ ಅಳತೆಯ ಸಣ್ಣ ಹಲ್ಲಿನದೇ ಬೇಕು. ಮೆಟ್ರಿಕ್ ಬೋಲ್ಟು ಎರಡು ಸುತ್ತು ಕೂತು ಮೂರನೆಯದಕ್ಕೆ ಹಲ್ಲನ್ನೇ ತಿಂದುಬಿಡುತ್ತದೆ.

ಜಾರುಕಂಬಿಗಳ ಕೆಳಗೆ ಮರದ ಪಟ್ಟಿಗಳಿರುತ್ತವೆ. ಕಿಟ್‌ಗಳಲ್ಲಿ ಇವು ಸಾಮಾನ್ಯವಾಗಿ ಬರುವುದಿಲ್ಲ, ಹಳೆಯವು ನೀರು ಕುಡಿದು ಪುಡಿಯಾಗಿರುತ್ತವೆ. ಪ್ರತ್ಯೇಕವಾಗಿ ತರಿಸಬಹುದು, ಅಥವಾ ಹಳೆಯದರ ಅಳತೆಗೆ ಗಟ್ಟಿಮರದಲ್ಲಿ ಕೊಯ್ಸಿ, ತೂತುಗಳ ಒಳಗೂ ಸೇರಿಸಿ ಮೂರು ಕೋಟು ವಾರ್ನಿಷ್ ಹಚ್ಚಿಕೊಳ್ಳಬಹುದು. ಪಟ್ಟಿ ಕೂರಬೇಕಾದ್ದು ತಗಡಿನ ಮೇಲೆ. ಕಾರ್ಪೆಟ್ಟನ್ನು ಅದರ ಸುತ್ತ ಕತ್ತರಿಸಬೇಕು. ಕಾರ್ಪೆಟ್ಟಿನ ಮೇಲೆ ಪಟ್ಟಿಯಿಟ್ಟು ಬಿಗಿದರೆ ಹಾಸು ದಿನೇದಿನೇ ತಗ್ಗಿ ಬೋಲ್ಟು ಸಡಿಲವಾಗುತ್ತದೆ, ಬ್ರೇಕ್ ಹಾಕಿದಾಗ ಸೀಟು ಅಲುಗುತ್ತದೆ. ಇದು ಅಂದದ ಪ್ರಶ್ನೆಯಲ್ಲ, ಜೀವದ ಪ್ರಶ್ನೆ.

ಹಳೆಯ ಕವರನ್ನು ಕತ್ತರಿಸಿ ಎಸೆಯುವ ಆಸೆಯನ್ನು ತಡೆದುಕೊಳ್ಳಿ. ಕ್ಲಿಪ್ಪುಗಳನ್ನು ಒಂದೊಂದಾಗಿ ಬಿಡಿಸಿ, ಪ್ರತಿ ಹಂತಕ್ಕೂ ಫೋಟೊ ತೆಗೆದು, ಇಡಿಯಾಗಿ ತೆಗೆದಿಡಿ. ತಲೆಯಾಸರೆಯ ತೂತು, ಒಳಪಟ್ಟಿಗಳ ಜಾಗ, ಅಂಚು ಎಲ್ಲಿ ಮಡಚಿಕೊಂಡಿತ್ತು ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ನಕ್ಷೆ ಇಲ್ಲ. ಹಳೆಯ ಸ್ಪಂಜು ಮುಟ್ಟಿದರೆ ಪುಡಿಯಾಗಿ ಉದುರುತ್ತದೆ. ಮೂಗಿಗೆ ಮಾಸ್ಕ್ ಬೇಕೇ ಬೇಕು. ಕಬ್ಬಿಣದ ಚೌಕಟ್ಟು ಬರಿದಾದಾಗ ಒರಗುವ ಭಾಗದ ತಿರುಗುಕೀಲಿನ ಸುತ್ತ ಬಿರುಕಿದೆಯೇ ನೋಡಿ, ಇದ್ದರೆ ಬೆಸುಗೆ ಹಾಕಿಸಿ, ತಂತಿ ಬ್ರಷ್ಷಿನಿಂದ ಉಜ್ಜಿ ಬಣ್ಣ ಹೊಡೆಯಿರಿ.

ಇನ್ನು ಹಣ ಹಾಕಬೇಕಾದ ಮೊದಲ ವಸ್ತು. ಎಪ್ಪತ್ತರ ದಶಕದ ಎಂಜಿಬಿ ಸೀಟಿನಲ್ಲಿ ಸ್ಪ್ರಿಂಗ್ ಇಲ್ಲ. ಚೌಕಟ್ಟಿನ ತೂತುಗಳಿಗೆ ಕೊಕ್ಕೆ ಹಾಕಿ ಬಿಗಿದ ಒಂದು ರಬ್ಬರ್ ಹಾಳೆ, ಡಯಾಫ್ರಂ, ಅದರ ಮೇಲೆ ಸ್ಪಂಜು. ರಬ್ಬರು ವಯಸ್ಸಾದಂತೆ ಜೋತು ಬೀಳುತ್ತದೆ, ಕೊಕ್ಕೆಯ ಬಳಿ ಹರಿಯುತ್ತದೆ. ಹಳೆಯ ಡಯಾಫ್ರಂ ಮೇಲೆ ಹೊಸ ಸ್ಪಂಜು ಹಾಕಿ ಕವರು ಎಳೆದರೆ ಮೊದಲ ವಾರ ಚೆನ್ನಾಗಿರುತ್ತದೆ, ಆಮೇಲೆ ಸ್ಪಂಜಿನ ನಡು ಕುಸಿದು ಕವರಿನ ಮಧ್ಯೆ ನೆರಿಗೆ ಬೀಳುತ್ತದೆ. ಕವರು ಸರಿಯಿಲ್ಲ ಎಂದು ಅಂಗಡಿಯನ್ನು ಬೈಯುವುದು ಆಗ. ಡಯಾಫ್ರಂ ಮತ್ತು ಕೊಕ್ಕೆಗಳನ್ನು ಹೊಸದಾಗಿಯೇ ತರಿಸಿ. ಅದರ ಬದಲು 50 ಮಿ.ಮೀ. ಅಗಲದ ಪಿರೆಲ್ಲಿ ಮಾದರಿಯ ರಬ್ಬರ್ ಪಟ್ಟಿಗಳನ್ನೂ ಕಟ್ಟಬಹುದು. ಪಟ್ಟಿಯನ್ನು ಬೇಕಾದ ಉದ್ದಕ್ಕಿಂತ ನೂರಕ್ಕೆ ಏಳರಿಂದ ಹತ್ತರಷ್ಟು ಗಿಡ್ಡ ಕತ್ತರಿಸಿ ಎಳೆದು ಕಟ್ಟಬೇಕು. ಅದಕ್ಕಿಂತ ಬಿಗಿ ಮಾಡಿದರೆ ಕೂತವರು ಎತ್ತರಕ್ಕೆ ಏರುತ್ತಾರೆ: ತೊಡೆ ಸ್ಟಿಯರಿಂಗಿಗೆ ತಾಕುತ್ತದೆ, ತಲೆ ಹುಡ್ಡಿನ ಕಂಬಿಗೆ.

ಎತ್ತರದ ದೂರು ಹೊಸ ಸ್ಪಂಜಿನ ಬಗ್ಗೆಯೂ ಕೇಳಿಬರುತ್ತದೆ, ಅದು ನಿಜವೂ ಹೌದು. ಅಚ್ಚಿನಲ್ಲಿ ಎರೆದ ಸ್ಪಂಜು ಮೊದಲ ಕೆಲವು ತಿಂಗಳು ಗಟ್ಟಿಯಾಗಿರುತ್ತದೆ, ಕೂತು ಕೂತು ಇಳಿಯುತ್ತದೆ. ಎತ್ತರದ ಆಸಾಮಿಗಳು ಕೆಳಭಾಗದಿಂದ ಒಂದೂವರೆ ಸೆಂಟಿಮೀಟರಿನಷ್ಟು ಸ್ಪಂಜನ್ನು ಉದ್ದ ಚಾಕುವಿನಿಂದ ಸೀಳಿ ತೆಗೆಯಬಹುದು. ಮೇಲಿನಿಂದ ಮಾತ್ರ ಕತ್ತರಿಸಬಾರದು, ಕವರಿನ ಆಕಾರ ನಿಂತಿರುವುದೇ ಅಲ್ಲಿ. ಅಗ್ಗದ ಕಿಟ್‌ಗಳಲ್ಲಿ ಅಚ್ಚಿನ ಸ್ಪಂಜಿನ ಬದಲು ಹಾಳೆ ಸ್ಪಂಜಿನ ತುಂಡುಗಳನ್ನು ಅಂಟಿಸಿ ಕೊಡುತ್ತಾರೆ. ಅಂಚುಗಳಲ್ಲಿ ಅವು ಬೇಗ ಕುಗ್ಗುತ್ತವೆ. ಇಲ್ಲಿ ಉಳಿಸಿದ ದುಡ್ಡು ಉಳಿತಾಯವೇ ಅಲ್ಲ.

ಕವರು ಎಳೆಯುವ ದಿನ ಬೆಚ್ಚಗಿರಲಿ. ರೆಕ್ಸಿನ್ ಆದರೆ ಕವರುಗಳನ್ನು ಒಂದು ಗಂಟೆ ಬಿಸಿಲಲ್ಲಿ ಹರಡಿ. ಇಂಗ್ಲೆಂಡಿನ ಚಳಿಗಾಲದ ಗ್ಯಾರೇಜಾದರೆ ಮನೆಯೊಳಗೆ ರೇಡಿಯೇಟರಿನ ಹತ್ತಿರ. ತಣ್ಣಗಿನ ರೆಕ್ಸಿನ್ ಹಿಗ್ಗುವುದಿಲ್ಲ, ಬಲವಾಗಿ ಎಳೆದರೆ ಹೊಲಿಗೆಯ ತೂತಿನ ಸಾಲೇ ಹರಿಯುತ್ತದೆ. ಸ್ಪಂಜಿನ ಮೇಲೆ ಮೊದಲು ಆರು ಮಿ.ಮೀ. ದಪ್ಪದ ಪಾಲಿಯೆಸ್ಟರ್ ಹತ್ತಿಯ ಪದರ, ಅದರ ಮೇಲೆ ಇಸ್ತ್ರಿ ಅಂಗಡಿಯವರು ಬಟ್ಟೆಗೆ ಹಾಕುವಂಥ ತೆಳು ಪ್ಲಾಸ್ಟಿಕ್ ಚೀಲ. ಪದರ ಸಣ್ಣಪುಟ್ಟ ತಗ್ಗು ತುಂಬುತ್ತದೆ, ಪ್ಲಾಸ್ಟಿಕ್ ಇದ್ದರೆ ಕವರು ಜಾರಿಕೊಂಡು ಹೋಗುತ್ತದೆ. ಬರಿಯ ಸ್ಪಂಜಿಗೆ ರೆಕ್ಸಿನ್ನಿನ ಹಿಂಬದಿ ಕಚ್ಚಿಕೊಂಡು ಒಂದಿಂಚೂ ಸರಿಯುವುದಿಲ್ಲ.

ಒರಗುವ ಭಾಗ ಸುಲಭ: ದಿಂಬಿಗೆ ಗವಸು ಹಾಕಿದ ಹಾಗೆ ಕವರನ್ನು ಒಳಹೊರಗು ಮಾಡಿ ಮೇಲಿನಿಂದ ಉರುಳಿಸುತ್ತ ಇಳಿಸಬೇಕು. ಮೇಲಿನ ಎರಡು ಮೂಲೆಗಳು ಸರಿಯಾಗಿ ಕೂತ ಮೇಲೆಯೇ ಕೆಳಗೆ ಎಳೆಯಿರಿ. ತಲೆಯಾಸರೆಯ ತೂತುಗಳನ್ನು ಕೊನೆಗೆ ಮಾಡಿ, ಬೆರಳಿನಿಂದ ಕೊಳವೆ ಹುಡುಕಿ, ಚಿಕ್ಕ ಅಡ್ಡಗೀಟಿನ ಹಾಗೆ ಕೊಯ್ದರೆ ಸಾಕು.

ಕೂರುವ ಭಾಗವೇ ಕಷ್ಟದ್ದು, ಇಲ್ಲಿ ಅನುಕ್ರಮ ತಪ್ಪಿದರೆ ಮತ್ತೆ ಬಿಚ್ಚಲೇಬೇಕು. ಕವರಿನ ಒಳಗೆ ಹೊಲಿದ ಪಟ್ಟಿಯೊಂದು ಇರುತ್ತದೆ. ಅದನ್ನು ಮೊದಲು ಸ್ಪಂಜಿನ ಸೀಳಿನ ಮೂಲಕ ಕೆಳಗಿಳಿಸಿ ಬಿಗಿಯಬೇಕು, ಏಕೆಂದರೆ ಮಧ್ಯದ ತಗ್ಗು ಬರುವುದೇ ಅದರಿಂದ. ಅದು ಕೂತ ಮೇಲೆ ಮುಂದಿನ ಎರಡು ಮೂಲೆ, ಆಮೇಲೆ ಹಿಂಭಾಗ, ಕೊನೆಗೆ ಪಕ್ಕಗಳು. ಪ್ರತಿ ಬದಿಯಲ್ಲೂ ನಡುವಿನಿಂದ ಮೂಲೆಯ ಕಡೆಗೆ ಕ್ಲಿಪ್ ಹಾಕುತ್ತ ಹೋಗಿ. ಪೈಪಿಂಗು ಚೌಕಟ್ಟಿನ ಅಂಚಿನ ನೇರಕ್ಕೇ ಕೂರಬೇಕು. ಅದು ಅಲೆಯಂತೆ ಓಡಿದ್ದರೆ ಉಳಿದ ಕೆಲಸ ಎಷ್ಟೇ ಚೆನ್ನಾಗಿದ್ದರೂ ಕಣ್ಣು ಅಲ್ಲಿಗೇ ಹೋಗುತ್ತದೆ. ಮೊದಲು ನಾಲ್ಕಾರು ಕ್ಲಿಪ್ಪುಗಳಲ್ಲಿ ತಾತ್ಕಾಲಿಕವಾಗಿ ನಿಲ್ಲಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಆಮೇಲೆ ಉಳಿದವನ್ನು ಹಾಕಿ. ಹಾಗ್ ರಿಂಗ್ (ಕವರನ್ನು ಬಿಗಿಯುವ ತಂತಿಯ ಉಂಗುರ) ಹಾಕುವ ಕಡೆ ಅದಕ್ಕೆಂದೇ ಇರುವ ಇಕ್ಕಳ ಕೊಳ್ಳಿ. ಸಾಮಾನ್ಯ ಇಕ್ಕಳದಲ್ಲಿ ರಿಂಗ್ ಓರೆಯಾಗಿ ಮುಚ್ಚಿ ಅದರ ಮೊನೆ ರೆಕ್ಸಿನ್ನಿಗೆ ಚುಚ್ಚುತ್ತದೆ.

ಉಳಿದ ನೆರಿಗೆಗಳಿಗೆ ಹೀಟ್ ಗನ್ ಒಳ್ಳೆಯ ಸಾಧನ, ಕೆಟ್ಟ ಸಾಧನವೂ ಅದೇ. ಇಪ್ಪತ್ತು ಸೆಂಟಿಮೀಟರು ದೂರ ಹಿಡಿದು ಸದಾ ಆಡಿಸುತ್ತ, ಇನ್ನೊಂದು ಅಂಗೈಯಿಂದ ನಡುವಿನಿಂದ ಹೊರಕ್ಕೆ ನೀವಬೇಕು. ಒಂದೇ ಕಡೆ ನಿಂತರೆ ರೆಕ್ಸಿನ್ನಿನ ಮೇಲಿನ ಚರ್ಮದಂಥ ಗೆರೆಗಳು ಕರಗಿ ಮಿರುಗುವ ಕಲೆ ಉಳಿಯುತ್ತದೆ, ಅದನ್ನು ತೆಗೆಯುವ ಉಪಾಯ ಇಲ್ಲ. ಹೇರ್ ಡ್ರೈಯರ್ ನಿಧಾನ, ಆದರೆ ಕ್ಷಮಿಸುವ ಗುಣದ್ದು. ಮೊದಲ ಬಾರಿಗೆ ಮಾಡುವವರಿಗೆ ಅದೇ ಸಾಕು. ಚರ್ಮಕ್ಕೆ ಬಿಸಿಗಾಳಿ ಬೇಡ, ಹಬೆ ಕೊಡಿ. ಮೂಲೆಯ ನೆರಿಗೆ ಎಷ್ಟು ಬಿಸಿ ಮಾಡಿದರೂ ಹೋಗದಿದ್ದರೆ ಕಾರಣ ಕವರಲ್ಲ, ಒಳಗೆ ತುಂಬು ಸಾಲದು: ಕ್ಲಿಪ್ ಬಿಡಿಸಿ ಅಲ್ಲಿ ಒಂದು ಹಿಡಿ ಪಾಲಿಯೆಸ್ಟರ್ ಹತ್ತಿ ತುರುಕಿ. ಮೊದಲ ಸೀಟಿಗೆ ಒಂದು ಇಡೀ ದಿನ ಇಟ್ಟುಕೊಳ್ಳಿ, ಅದು ಪ್ರಯಾಣಿಕರ ಕಡೆಯ ಸೀಟಾಗಿರಲಿ. ಎರಡನೆಯದು ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ.

ಚರ್ಮವೋ ರೆಕ್ಸಿನ್ನೋ? ಚರ್ಮದ ಕಿಟ್ ಸುಮಾರಾಗಿ ಎರಡರಷ್ಟು ಬೆಲೆಯದ್ದು. ಅರವತ್ತರ ದಶಕದ ಕಾರಿಗೆ, ಮೊದಲು ಚರ್ಮವೇ ಇದ್ದದ್ದರಿಂದ, ಕೊಡುವ ದುಡ್ಡಿಗೆ ಅರ್ಥವಿದೆ. ಎಪ್ಪತ್ತರ ದಶಕದ ಕಾರಿಗೆ ಒಳ್ಳೆಯ ರೆಕ್ಸಿನ್ನೇ ಸರಿಯಾದ ಆಯ್ಕೆ. ಹುಡ್ ತೆರೆದು ಓಡಾಡುವ ಕಾರಿನಲ್ಲಿ ಬಿಸಿಲು, ಮಳೆ ಎರಡನ್ನೂ ಅದು ತಾಳಿಕೊಳ್ಳುತ್ತದೆ. ಚರ್ಮಕ್ಕೆ ವರ್ಷಕ್ಕೆರಡು ಸಲ ಆರೈಕೆ ಬೇಕು. ಬೆಂಗಳೂರಿನಲ್ಲಿ ಇಂಥ ಕಾರು ಇಟ್ಟುಕೊಂಡವರು ಹಳೆಯ ಕವರನ್ನು ಹೊಲಿಗೆ ಬಿಚ್ಚಿ ತುಂಡುತುಂಡಾಗಿ ಜೆ.ಸಿ. ರಸ್ತೆಯ ಸೀಟ್ ಕೆಲಸದವರಿಗೆ ಕೊಟ್ಟರೆ ಅದೇ ಮಾದರಿಯಲ್ಲಿ ಹೊಲಿಸಿಕೊಳ್ಳಬಹುದು. ಹೊರದೇಶದಿಂದ ತರಿಸಲೇಬೇಕಾದ್ದು ಡಯಾಫ್ರಂ, ಕ್ಲಿಪ್ಪು, ಅಚ್ಚಿನ ಸ್ಪಂಜು.

ಕಾರ್ಪೆಟ್ಟಿನ ಕಡೆ ಬರೋಣ. ಕಿಟ್‌ಗಳಲ್ಲಿ ಮೂರು ಬಗೆಯ ನೂಲು ಕಾಣಸಿಗುತ್ತದೆ. ಪಾಲಿಪ್ರೊಪಿಲೀನ್ ಅಗ್ಗ, ಬಣ್ಣ ಮಾಸುವುದಿಲ್ಲ, ನೀರು ಹೀರುವುದಿಲ್ಲ. ಆದರೆ ಕಾಲಿಟ್ಟ ಜಾಗದಲ್ಲಿ ಎಳೆ ಒಮ್ಮೆ ಮಲಗಿದರೆ ಮತ್ತೆ ಏಳುವುದಿಲ್ಲ. ನೈಲಾನ್ ತುಳಿದರೂ ಎದ್ದು ನಿಲ್ಲುತ್ತದೆ, ಶಾಖ ತಾಳುತ್ತದೆ. ಉಣ್ಣೆ ಅಂದದ್ದು, ದುಬಾರಿ, ಒದ್ದೆಯಾದರೆ ಒಣಗಲು ದಿನಗಟ್ಟಲೆ ಬೇಕು. ಓಡಿಸುವ ಕಾರಿಗೆ ನೈಲಾನ್ ಕೊಳ್ಳಿ. ಚಾಲಕನ ಹಿಮ್ಮಡಿ ಕೂರುವ ಜಾಗದ ರಬ್ಬರ್ ಪ್ಯಾಡ್ ಹೊಲಿದಿದೆಯೇ, ಕಾರಿನ ಎಡ ಬಲ ಸ್ಟಿಯರಿಂಗಿಗೆ ಸರಿಯಾದ ತುಂಡಿಗೇ ಇದೆಯೇ ಎಂದು ಪೆಟ್ಟಿಗೆ ಬಿಚ್ಚಿದಾಗಲೇ ನೋಡಿ.

ನೆಲವನ್ನು ಬರಿ ತಗಡಿನವರೆಗೆ ತೆಗೆದು, ತುಕ್ಕು ಉಜ್ಜಿ, ಎಪಾಕ್ಸಿ ಪ್ರೈಮರ್ ಹೊಡೆದು, ಕೀಲುಗಳಿಗೆ ಸೀಮ್ ಸೀಲರ್ ಎಳೆದ ಮೇಲೆ ಶಬ್ದ ತಡೆಯುವ ಹಾಳೆ. ಎರಡು ಮಿ.ಮೀ. ದಪ್ಪದ ಬ್ಯೂಟೈಲ್ (ಅಂಟುವ ಗುಣದ ರಬ್ಬರ್) ಹಾಳೆ ಸುಮಾರು ಮೂರು ಚದರ ಮೀಟರ್ ಇದ್ದರೆ ನೆಲ, ಟನಲ್, ಬಾಗಿಲಿನ ಹೊರತಗಡಿಗೆ ಸಾಕು. ಎಲ್ಲ ಕಡೆ ಮುಚ್ಚಬೇಕಿಲ್ಲ. ತಗಡಿನ ನಡುಭಾಗದ ಮೂರನೇ ಒಂದು ಅಂಶ ಮುಚ್ಚಿದರೂ ಕಂಪನ ಅಡಗುತ್ತದೆ, ಉಳಿದದ್ದು ಬರಿಯ ಭಾರ. ಡಾಂಬರಿನ ಹಾಳೆ ಅಗ್ಗವೆಂದು ಹಾಕಬೇಡಿ. ಈ ಕಾರಿನ ಟನಲ್ ಬಿಸಿಯಾಗುತ್ತದೆ, ಬೇಸಿಗೆಯಲ್ಲಿ ಡಾಂಬರಿನ ವಾಸನೆ ಕೂತವರ ಬಟ್ಟೆಗೂ ಹತ್ತುತ್ತದೆ.

ಅದರ ಮೇಲಿನ ಹಾಸು ಹಳೆಯ ಪದ್ಧತಿಯಲ್ಲಿ ಸೆಣಬಿನ ನಾರಿನದು, ಎಷ್ಟೋ ಕಿಟ್‌ಗಳು ಈಗಲೂ ಅದನ್ನೇ ಕೊಡುತ್ತವೆ. ಮೂಲಕ್ಕೆ ನಿಷ್ಠ ಎಂಬ ಒಂದೇ ಕಾರಣಕ್ಕೆ ಅದನ್ನು ಒಪ್ಪಿಕೊಳ್ಳಬಾರದು. ಸೆಣಬು ನೀರನ್ನು ಹಿಡಿದಿಟ್ಟುಕೊಂಡು ತಗಡಿಗೆ ಒತ್ತಿ ನಿಲ್ಲುತ್ತದೆ. ಎಂಜಿಬಿಗಳ ನೆಲ ತೂತಾದದ್ದರಲ್ಲಿ ಅದರ ಪಾಲು ದೊಡ್ಡದು. ಮಂಗಳೂರಿನಂಥ ಮಳೆಯ ಊರಿಗಂತೂ ಬೇಡವೇ ಬೇಡ. ನೀರು ಹೀರದ, ಮುಚ್ಚಿದ ಗುಳ್ಳೆಗಳ ಫೋಮ್ ಹಾಳೆಯನ್ನು ಆರು ಮಿ.ಮೀ. ದಪ್ಪದಲ್ಲಿ ಪ್ರತ್ಯೇಕವಾಗಿ ತನ್ನಿ. ಸೀಟ್ ಬೆಲ್ಟಿನ ಆಧಾರಗಳ ಸುತ್ತ ಮಾತ್ರ ಹಾಸನ್ನು ಕತ್ತರಿಸಿ ತೆಗೆಯಬೇಕು, ಅಲ್ಲಿ ಲೋಹಕ್ಕೆ ಲೋಹವೇ ತಾಗಬೇಕು. ಬೆಲ್ಟಿನ ಬೋಲ್ಟು 7/16 ಇಂಚಿನ ಯುಎನ್ಎಫ್.

ಅಂಟಿನ ಬಗ್ಗೆ ತುಸು ನಿಲ್ಲಬೇಕು, ಏಕೆಂದರೆ ಹೆಚ್ಚು ಕೆಲಸಗಳು ಕೆಡುವುದು ಇಲ್ಲಿ. ಕಿಟ್ಟಿನ ಜೊತೆ ಬರುವ ಅಥವಾ ಸ್ಟೇಷನರಿ ಅಂಗಡಿಯ ಸಾಮಾನ್ಯ ಸ್ಪ್ರೇ ಅಂಟು ಶಾಖಕ್ಕೆ ಮೆತ್ತಗಾಗುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಟನಲಿನ ಕಾರ್ಪೆಟ್ ಮೇಲಿನಿಂದಲೂ ಕೆಳಗಿನಿಂದಲೂ ಕಾಯುತ್ತದೆ, ಮೊದಲ ಬೇಸಿಗೆಯಲ್ಲೇ ಅಂಚು ಏಳುತ್ತದೆ. ರೆಕ್ಸಿನ್ನಿಗೆ ಇನ್ನೊಂದು ತೊಡಕಿದೆ: ಅದರೊಳಗಿನ ಮೃದುಕಾರಕ ಎಣ್ಣೆ ಹೊರಕ್ಕೆ ಒಸರಿ ಸಾಮಾನ್ಯ ಅಂಟನ್ನು ಕ್ರಮೇಣ ಲೋಳೆಯಾಗಿಸುತ್ತದೆ. ಡಬ್ಬಿಯ ಮೇಲೆ ಹೆಚ್ಚಿನ ಶಾಖಕ್ಕೆ, ವಿನೈಲಿಗೆ (ಅಂದರೆ ರೆಕ್ಸಿನ್ನಿಗೆ) ಎಂದು ಎರಡೂ ಬರೆದಿರುವ ಕಾಂಟ್ಯಾಕ್ಟ್ ಅಂಟೇ ಬೇಕು. ಇಡೀ ಕಾರ್ಪೆಟ್ಟಿಗೆ ಒಂದೂವರೆ ಲೀಟರು ಹಿಡಿಯುತ್ತದೆ. ಎರಡೂ ಮೈಗೆ ತೆಳುವಾಗಿ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಲು ಹತ್ತು ಹದಿನೈದು ನಿಮಿಷ ಕಾದು, ಆಮೇಲೆ ಕೂರಿಸಿ ರೋಲರಿನಿಂದ ಒತ್ತಿ. ಹಸಿಯಿರುವಾಗಲೇ ಅಂಟಿಸಿದರೆ ದ್ರಾವಕ ಒಳಗೇ ಸಿಕ್ಕಿಕೊಂಡು ಗುಳ್ಳೆ ಏಳುತ್ತದೆ. ಆವಿ ಬೆಂಕಿ ಹಿಡಿಯುವಂಥದ್ದು: ಬ್ಯಾಟರಿ ಕಳಚಿರಲಿ, ಗ್ಯಾರೇಜಿನ ಬಾಗಿಲು ತೆರೆದಿರಲಿ, ಹೀಟರ್ ಆರಿರಲಿ.

ಮೊದಲು ಎಲ್ಲ ತುಂಡುಗಳನ್ನೂ ಅಂಟಿಲ್ಲದೆ ಇಟ್ಟು ನೋಡಿ. ಸಿಲ್ (ಬಾಗಿಲ ಕೆಳಗಿನ ಹೊಸ್ತಿಲು), ಟನಲ್, ಮುಂದಿನ ಕಾಲೊರಗಿಕೆ, ಹಿಂದಿನ ಗೋಡೆ ಇವನ್ನು ಅಂಟಿಸಬೇಕು. ನೆಲದ ಎರಡು ತುಂಡುಗಳನ್ನು ಒತ್ತುಗುಂಡಿಯಲ್ಲಿ ಮಾತ್ರ ನಿಲ್ಲಿಸಿ, ಒದ್ದೆಯಾದ ದಿನ ಎತ್ತಿ ಒಣಹಾಕಲು ಬರಬೇಕು. ಬೋಲ್ಟಿನ ತೂತಿಗೆ ಕಾರ್ಪೆಟ್ಟಿನ ಮೇಲೆ ಡ್ರಿಲ್ ಇಡಬೇಡಿ. ಡ್ರಿಲ್ಲಿನ ಮೊನೆ ಒಂದು ಎಳೆ ಹಿಡಿದರೆ ಸಾಲಾಗಿ ಕಿತ್ತುಕೊಂಡು ಹೋಗುತ್ತದೆ. ಕೆಳಗಿನಿಂದ ದಬ್ಬಣ ಚುಚ್ಚಿ ಜಾಗ ಗುರುತಿಸಿ, ಬಿಸಿ ಸಾಲ್ಡರಿಂಗ್ ಕಬ್ಬಿಣದಿಂದ ತೂತು ಸುಡಿ. ಅಂಚು ಕರಗಿ ಎಳೆ ಬಿಡದಂತೆ ಮುಚ್ಚಿಕೊಳ್ಳುತ್ತದೆ.

ದುಡ್ಡು ಉಳಿಸಬಹುದಾದ ಜಾಗ ಡೋರ್ ಪ್ಯಾಡ್. ಕಿಟ್ಟಿನವು ಹೆಚ್ಚಾಗಿ ಹಾರ್ಡ್‌ಬೋರ್ಡ್, ಅಂದವಾಗಿಯೇ ಇರುತ್ತವೆ, ತೇವ ತಾಗಿದರೆ ಬಾಗುತ್ತವೆ. ಹಳೆಯ ಪ್ಯಾಡನ್ನು ಅಚ್ಚಾಗಿಟ್ಟು ಮೂರು ಮಿ.ಮೀ. ಮರೈನ್ ಪ್ಲೈವುಡ್ಡಿನಲ್ಲಿ ಕೊಯ್ದು, ಅಂಚಿಗೆ ವಾರ್ನಿಷ್ ಕುಡಿಸಿ, ಮೂರು ಮಿ.ಮೀ. ಫೋಮ್ ಅಂಟಿಸಿ, ರೆಕ್ಸಿನ್ನನ್ನು ಸುತ್ತಲೂ 25 ಮಿ.ಮೀ. ಹೆಚ್ಚು ಬಿಟ್ಟು ಹಿಂದಕ್ಕೆ ಮಡಚಿ ಅಂಟಿಸಿದರೆ ಕಿಟ್ಟಿನದಕ್ಕಿಂತ ಗಟ್ಟಿ. ಬಣ್ಣದ ಹೊಂದಿಕೆಗಾಗಿ ರೆಕ್ಸಿನ್ ಮಾತ್ರ ಸೀಟ್ ಕವರು ಮಾರುವವರಿಂದಲೇ ಮೀಟರ್ ಲೆಕ್ಕದಲ್ಲಿ ತರಿಸಿ. ಯಾವ ಪ್ಯಾಡ್ ಹಾಕಿದರೂ ಅದರ ಹಿಂದೆ 200 ಮೈಕ್ರಾನ್ ಪಾಲಿಥೀನ್ ಹಾಳೆಯನ್ನು ಬ್ಯೂಟೈಲ್ ಪಟ್ಟಿಯಿಂದ ಸುತ್ತಲೂ ಕೂರಿಸಲೇಬೇಕು. ಮಳೆನೀರು ಕಿಟಕಿಯ ಗಾಜಿನ ಗುಂಟ ಬಾಗಿಲೊಳಗೆ ಇಳಿಯುವುದು ಸಹಜ, ಬಾಗಿಲ ತಳದ ತೂತುಗಳಿಂದ ಅದು ಹೊರಹೋಗಬೇಕು. ಹಾಳೆ ಇಲ್ಲದಿದ್ದರೆ ನೀರು ಪ್ಯಾಡಿಗೇ ಹೊಡೆಯುತ್ತದೆ, ತಳದ ತೂತು ಕಟ್ಟಿದ್ದರೆ ಬಾಗಿಲೇ ಕೊಳೆಯುತ್ತದೆ. ಇಷ್ಟು ಅಗ್ಗದ ಈ ಹಾಳೆ ಹೆಚ್ಚಿನ ಕಿಟ್‌ಗಳಲ್ಲಿ ಇರುವುದಿಲ್ಲ ಎನ್ನುವುದು ಬೇಸರದ ಸಂಗತಿ.

ಡ್ಯಾಶ್‌ಬೋರ್ಡು ಕಿಟ್ಟಿನ ವ್ಯಾಪ್ತಿಗೆ ಬರುವುದಿಲ್ಲ. ಬ್ರಿಟನ್ನಿನ ಕಾರುಗಳ ಲೋಹದ ಡ್ಯಾಶಿಗೆ ಸುಕ್ಕುಗಟ್ಟುವ ಕಪ್ಪು ಬಣ್ಣದ ಸ್ಪ್ರೇ ಸಿಗುತ್ತದೆ. ಐದು ನಿಮಿಷಕ್ಕೊಂದರಂತೆ ಮೂರು ದಪ್ಪ ಕೋಟು, ಒಂದು ಉದ್ದಕ್ಕೆ ಒಂದು ಅಡ್ಡಕ್ಕೆ, ಆಮೇಲೆ ಶಾಖ ಕೊಟ್ಟರೆ ಸುಕ್ಕು ಸಮನಾಗಿ ಏಳುತ್ತದೆ. ಅಮೆರಿಕದ ಕಾರುಗಳ ಮೆತ್ತನೆಯ ಡ್ಯಾಶ್ ಬಿಸಿಲಿಗೆ ಬಿರಿದಿದ್ದರೆ ಅದರ ಮೇಲೆ ಕೂರಿಸುವ ಪ್ಲಾಸ್ಟಿಕ್ ಹೊದಿಕೆಗಳಿವೆ. ದೂರದಿಂದ ಚೆನ್ನ, ಹತ್ತಿರದಿಂದ ಹೊದಿಕೆಯೆಂದು ಗೊತ್ತಾಗುತ್ತದೆ.

ಹಣ ಒಮ್ಮೆಗೇ ಕೂಡದವರು ಭಾಗಭಾಗವಾಗಿ ಕೊಳ್ಳುವುದಾದರೆ ಮೊದಲು ಡಯಾಫ್ರಂ, ಅಚ್ಚಿನ ಸ್ಪಂಜು ತರಿಸಿ. ಹಳೆಯ ಕವರು ಗಟ್ಟಿಯಿದ್ದರೆ ಅದನ್ನೇ ಮತ್ತೆ ಹಾಕಿ ಒಂದು ವರ್ಷ ಓಡಿಸಬಹುದು, ಕಾರು ಕೂರಲು ಹೊಸದರಂತೆಯೇ ಆಗುತ್ತದೆ. ಆಮೇಲೆ ನೈಲಾನ್ ಕಾರ್ಪೆಟ್, ಕೊನೆಗೆ ಕವರುಗಳು ಮತ್ತು ಪ್ಯಾಡಿನ ರೆಕ್ಸಿನ್ ಒಂದೇ ಆರ್ಡರಿನಲ್ಲಿ. ಆರ್ಡರ್ ಮಾಡುವಾಗ ಕ್ಲಿಪ್ಪುಗಳನ್ನು ಪಟ್ಟಿಯಲ್ಲಿರುವುದಕ್ಕಿಂತ ಒಂದು ಪೊಟ್ಟಣ ಹೆಚ್ಚಿಗೆ ಹಾಕಿಸಿಕೊಳ್ಳಿ.